ಟಿಟ್ವಾಳಾದ ಮಹಾದೇವಕ್ಕನ ಪೋರ್ಟ್‌ಫೋಲಿಯೋ ಪರಾಕ್ರಮ

ಟಿಟ್ವಾಳಾದ ಗಣಪತಿಗೆ ಹರಕೆ ಹೊತ್ತರೆ ಫಲ ಕೈಗೆ ಬರಲು ಸ್ವಲ್ಪ ಕಾಲ ಹಿಡಿಯುತ್ತದೆ ಎಂದು ಭಕ್ತರೇ ಒಪ್ಪುತ್ತಾರೆ. ಆದರೆ ಅದೇ ಊರಿನ ಸ್ಟೇಷನ್ ಮಗ್ಗುಲ ಹಳದಿ ಬಿಲ್ಡಿಂಗಿನಲ್ಲಿರುವ ಮಹಾದೇವಕ್ಕನಿಗೆ ಒಂದು ಬಟ್ಟಲು ಸಾರು ಕೊಟ್ಟು ನೋಡಿ, ಫಲ ಮರುದಿನ ಬೆಳಿಗ್ಗೆಯೇ ಬಂದು ಬಾಗಿಲು ಬಡಿಯುತ್ತದೆ. ಮಹಾದೇವಕ್ಕನ ಮನೆಗೆ ತುಂಬಿ ಹೋದ ಪಾತ್ರೆ ಬರಿದಾಗಿ ತಿರುಗಿ ಬಂದದ್ದನ್ನು ಕಂಡವರಿಲ್ಲ. ಕಂಡೆ ಎಂದವರನ್ನು ನಂಬಿದವರೂ ಇಲ್ಲ.

ಬರಿಯ ಪಾತ್ರೆಯಾದರೆ ಅದು ಉತ್ತರ ಕರ್ನಾಟಕದ ಎಲ್ಲ ಮನೆಗಳ ರೂಢಿ, ಅದಕ್ಕೆ ಪುರಾಣ ಬೇಕಿರಲಿಲ್ಲ. ಮಹಾದೇವಕ್ಕ ಆ ರೂಢಿಯನ್ನು ದಿಗ್ವಿಜಯಕ್ಕೆ ಹೊರಡಿಸಿದ್ದಳು. ಕೊರಿಯರ್‌ನವನು ಮರೆತು ಹೋದ ಹೆಲ್ಮೆಟ್ಟು ಅವನಿಗೆ ಮರಳಿ ಸಿಕ್ಕಿದ್ದು ಶೇಂಗಾ ಉಂಡಿಗಳ ಸಮೇತ. ಗ್ಯಾಸ್ ಒಲೆ ರಿಪೇರಿಗೆ ಬಂದವನ ಪೆಟ್ಟಿಗೆಯಲ್ಲಿ ಪಾನಾ-ಸ್ಪ್ಯಾನರುಗಳ ಸಂದಿಯಲ್ಲಿ ಚಕ್ಕುಲಿ ಸಿಕ್ಕಿ, ಅವನು ಮರುವಾರ ಯಾರೂ ಕರೆಯದೆಯೇ ಒಲೆ ವಿಚಾರಿಸಲು ಬಂದ. ಆ ಬಿಲ್ಡಿಂಗಿನ ಕೆಲವು ಸ್ಟೀಲ್ ಡಬ್ಬಿಗಳು ವರ್ಷಗಟ್ಟಲೆ ಮನೆಯಿಂದ ಮನೆಗೆ ತುಂಬಿಕೊಂಡೇ ಓಡಾಡಿ, ಮೂಲ ಒಡೆಯರು ಯಾರೆಂಬುದೇ ಮರೆತುಹೋಗಿ, ಈಗ ಸ್ವತಂತ್ರ ನಾಗರಿಕರಂತೆ ಬಾಳುತ್ತಿವೆ. ಪೆಥಾಲಜಿ ಲ್ಯಾಬಿನವರು ಕೊಟ್ಟ ಪುಟ್ಟ ಬಾಟಲಿಯ ಮಾತು ಬೇರೆ. ಅದನ್ನು ತುಂಬಿಸಿ ಕೊಡಬೇಕೆಂಬುದು ಲ್ಯಾಬಿನವರದೇ ಕಾನೂನು.

ಗಂಡ ಗುರುಪಾದಪ್ಪ ಕಲ್ಯಾಣದ ಪೇಟೆಯಲ್ಲಿ ಸೊಲ್ಲಾಪುರದ ಚಾದರ ಮಾರುವವನು. ಮಿತಭಾಷಿ. ಹೆಂಡತಿಯ ಬಗ್ಗೆ ಅವನು ಬಂಧುಬಳಗಕ್ಕೆ ಕೊಡುತ್ತಿದ್ದ ಎಚ್ಚರಿಕೆ ಒಂದೇ: "ನಮ್ಮಕಿ ಕೈಯಾಗ ಖಾಲಿ ಬಕೆಟ್ ಕೊಡಬ್ಯಾಡ್ರಿ. ಬಾವಿ ತಗೊಂಡ ಬರ್ತಾಳ."

ಇಂಥ ವೀರಾಗ್ರಣಿ ಹುಟ್ಟಿದ್ದು ಜಮಖಂಡಿಯ ಹತ್ತಿರ. ಪಿಯುಸಿ ಮುಗಿಸಿ ಮುಂದಿನ ಪುಸ್ತಕ ತೆರೆಯುವಷ್ಟರಲ್ಲಿ ಮದುವೆಯಾಗಿ ರೈಲು ಹತ್ತಿದಳು. ಟಿಟ್ವಾಳಾದಲ್ಲಿ ಫ್ಲ್ಯಾಟು ಅಗ್ಗವೆಂದು ಅಲ್ಲಿ ಇಳಿದಳು. ಮಗ ವಿಜಯಕುಮಾರನನ್ನು ಕಲ್ಯಾಣದ ಒಂದು ಬಾಲವಾಡಿಗೆ ಸೇರಿಸಿದಾಗ ಅವನು ಅಳಲಿಲ್ಲ, ಪಕ್ಕದ ಮಗು ಅತ್ತಿತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ ಮಹಾದೇವಕ್ಕ ಎದ್ದು ಬರಲೇ ಇಲ್ಲ. ಮಗ ಬಾಲವಾಡಿ ಬಿಟ್ಟು ಶಾಲೆಗೆ ಹೋದ, ಶಾಲೆ ಬಿಟ್ಟು ನೌಕರಿಗೆ ಹೋದ. ಬಿಡಲು ಬಂದವಳು ಮಾತ್ರ ಅಲ್ಲೇ ಉಳಿದು 'ಮಹಾದೇವಿ ಟೀಚರ್' ಆದಳು.

ಅವಳ ಕಥೆಗಳ ಕೀರ್ತಿ ಪಕ್ಕದ ಬಿಲ್ಡಿಂಗುಗಳವರೆಗೂ ಹಬ್ಬಿತ್ತು. ಆ ಕಥೆಗಳಲ್ಲಿ ನರಿ ಹಿಂದಿಯಲ್ಲಿ ಸುಳ್ಳು ಹೇಳುತ್ತದೆ, ಕರಡಿ ಮರಾಠಿಯಲ್ಲಿ ನಂಬುತ್ತದೆ, ಆಮೆ ಕನ್ನಡದಲ್ಲಿ ನಿಧಾನವಾಗಿ ಬುದ್ಧಿ ಹೇಳುತ್ತದೆ. ಮಕ್ಕಳು ಮೂರನ್ನೂ ಕೇಳಿ ಮನೆಗೆ ಹೋಗಿ ನರಿಯ ಭಾಗವನ್ನೇ ಅಭ್ಯಾಸ ಮಾಡುತ್ತಿದ್ದವು.

ಹೀಗಿರುವಾಗ ಬಾಲವಾಡಿಯ ಟ್ರಸ್ಟಿನವರು ಒಂದು ಠರಾವು ಮಾಡಿದರು. ಬರುವ ಜೂನ್‌ನಿಂದ ವರ್ಗ ತೆಗೆದುಕೊಳ್ಳುವವರಿಗೆ ಶಿಶುಶಿಕ್ಷಣದ ಡಿಪ್ಲೊಮಾ ಇರಲೇಬೇಕು, ಇಲ್ಲದವರು ಬೇಕಾದರೆ ಆಯಾ ಆಗಿ ಮುಂದುವರಿಯಬಹುದು. ಅಲ್ಲಿ ಈಗಾಗಲೇ ಆಯಾ ಆಗಿದ್ದ ಬಾಗಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

"ನನ್ನ ಬಾಜೂಕ ಬರ್ತೀರಿ ಅಂದ್ರ ನನಗ ಖುಷಿನ ಅಕ್ಕಾರ," ಎಂದಳು ಬಾಗಿ. "ಆದ್ರ ನೀವು ನನ್ನ ಜೋಡಿ ಹೊರಗ ಚಪ್ಪಲಿ ಜೋಡಿಸಿಕೋತ ಕುಂತ್ರ, ಒಳಗ ಆ ರಾಕ್ಷಸರಿಗೆ ಕಥಿ ಯಾರು ಹೇಳ್ತಾರ? ಅವು ಹೊಸಾ ಟೀಚರಬಾಯಿನ್ನ ತಿಂದ ಬಿಡ್ತಾವ."

ಮಹಾದೇವಕ್ಕನಿಗೆ ಚಪ್ಪಲಿ ಜೋಡಿಸುವುದಕ್ಕೆ ನಾಚಿಕೆಯಿರಲಿಲ್ಲ. ಆದರೆ ಬಾಗಿಲಿನ ಆಚೆ ಕೂತು, ತನ್ನ ಆಮೆಯನ್ನು ಬೇರೆ ಯಾರೋ ಇಂಗ್ಲಿಷಿನಲ್ಲಿ ನಡೆಸುವುದನ್ನು ಕೇಳಿಸಿಕೊಳ್ಳಬೇಕಲ್ಲ ಎಂದು ನೆನೆದು ಅವಳು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಗುರುಪಾದಪ್ಪ ಒಂದು ದಿನ ಅದನ್ನು ನೋಡಿ, ಒಂದು ಹೊಸ ಚಾದರ ಮಾರದೆ ಮನೆಗೆ ತಂದು, "ಟ್ರೇನ್ದಾಗ ಥಂಡಿ ಇರ್ತದ. ಕಾಲೇಜಿಗೆ ಹೋಗಾಕ ಬೇಕಾಗ್ತದ," ಎಂದ. ಆ ಮನೆಯಲ್ಲಿ ಪ್ರೋತ್ಸಾಹದ ಭಾಷಣ ಎಂದರೆ ಅಷ್ಟೇ.

ಹೀಗೆ ಅಜ್ಜಿಯಾಗುವ ವಯಸ್ಸಿನಲ್ಲಿ ಮಹಾದೇವಕ್ಕ ಕೋಪರಖೈರಣೆಯ ಒಂದು ಕಾಲೇಜಿನಲ್ಲಿ, ಶನಿವಾರದ ಡಿಪ್ಲೊಮಾ ವರ್ಗಕ್ಕೆ ಸೇರಿದಳು. ಟಿಟ್ವಾಳಾದಿಂದ ಠಾಣೆ, ಠಾಣೆಯಲ್ಲಿ ಇಳಿದು ವಾಶಿಯ ಕಡೆಯ ಗಾಡಿ. ವರ್ಗದ ಮೇಡಂ ಅಪೇಕ್ಷಾ, ಉಡುಪಿ ಮೂಲದ ಮನೆಯ ಹುಡುಗಿ, ಹುಟ್ಟಿದ್ದು ಬೆಳೆದದ್ದು ಡೊಂಬಿವಲಿ. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಅವಳು ಕನ್ನಡದಲ್ಲೇ ಮುಗಿಸಿದ ದಾಖಲೆ ಇಲ್ಲ.

ಮೊದಲ ದಿನವೇ ಅಪೇಕ್ಷಾ ಮೇಡಂ ಘೋಷಿಸಿದಳು: ಈ ವರ್ಷ ಅರ್ಧದಷ್ಟು ಮಾರ್ಕು ಪರೀಕ್ಷೆಗಲ್ಲ, ಇಲೆಕ್ಟ್ರಾನಿಕ್ ಪೋರ್ಟ್‌ಫೋಲಿಯೋಗೆ. ಪ್ರತಿಯೊಬ್ಬರಿಗೂ ಇಂಟರ್ನೆಟ್ಟಿನಲ್ಲಿ ಒಂದು ಜಾಗ. ಮಕ್ಕಳ ಜೊತೆ ಮಾಡಿದ ಕೆಲಸದ ಫೋಟೋ ಅಲ್ಲಿ ಹಾಕಬೇಕು. ಏನಾಯಿತು, ಏನು ಅನ್ನಿಸಿತು, ಮುಂದಿನ ಸಲ ಏನು ಬೇರೆ ಮಾಡುತ್ತೀರಿ ಎಂದು ಬರೆಯಬೇಕು. ಅದರ ಲಿಂಕನ್ನು ವರ್ಗದ ಉಳಿದವರಿಗೆ ಕಳಿಸಿ ಅಭಿಪ್ರಾಯ ಪಡೆಯಬೇಕು.

"ಆಂಟಿ, ಇದು ಉತ್ತರಪತ್ರಿಕೆ ನಹೀ ಹೈ," ಎಂದು ಅವಳು ಮಹಾದೇವಕ್ಕನ ಗಾಬರಿ ನೋಡಿ ಬಿಡಿಸಿ ಹೇಳಿದಳು. "ವರ್ಷದಲ್ಲಿ ನೀವು ಹೇಗೆ ಚೇಂಜ್ ಆದ್ರಿ, ವೋ ದಿಖ್ನಾ ಚಾಹಿಯೇ."

"ಈ ವಯಸ್ಸಿನ್ಯಾಗ ನಾ ಏನ ಚೇಂಜ್ ಆಗ್ಲಿರಿ ಮೇಡಂ? ಚಷ್ಮಾದ ನಂಬರ ಒಂದ ಚೇಂಜ್ ಆಗ್ತದ."

ವಾರದೊಳಗೆ ಮಹಾದೇವಕ್ಕನ ಫೋನಿಗೆ ಲಿಂಕುಗಳ ಮಳೆ. 'ದಯವಿಟ್ಟು ನನ್ನ ಪೋರ್ಟ್‌ಫೋಲಿಯೋ ನೋಡಿ' ಎಂದು ಕೈಮುಗಿದ ಚಿತ್ರ ಪ್ರತಿಯೊಂದರ ಕೆಳಗೆ. ಉಳಿದವರು ತೆರೆದರು, 'ನೈಸ್' ಎಂದರು, ಒಂದು ಗುಲಾಬಿ ಅಂಟಿಸಿದರು, ಮುಚ್ಚಿದರು. ಮಹಾದೇವಕ್ಕನ ಕಣ್ಣಿಗೆ ಕಂಡದ್ದೇ ಬೇರೆ. ಮೂವತ್ತು ಚಿಲ್ಲರೆ ಮನೆಗಳಿಂದ ಮೂವತ್ತು ಚಿಲ್ಲರೆ ಪಾತ್ರೆ ತುಂಬಿ ಬಂದಿವೆ! ಗುಲಾಬಿ ಹಾಕಿ ಕೊಟ್ಟರೆ ಹೇಗೆ, ಅದನ್ನೇನು ತಿನ್ನಲು ಬರುತ್ತದೆಯೇ?

ಇಲ್ಲಿ ವಿಧಿಯ ಒಂದು ಸಣ್ಣ ಕೈವಾಡವಿತ್ತು. ವರ್ಗಕ್ಕೆಲ್ಲ ಜಾಗ ತೆರೆಯುವ ಗಡಿಬಿಡಿಯಲ್ಲಿ ಅಪೇಕ್ಷಾ ಮೇಡಂ ಬೀಗವನ್ನು ಸಡಿಲ ಬಿಟ್ಟಿದ್ದಳು. ಲಿಂಕು ಉಳ್ಳವರು ಓದಬಹುದಷ್ಟೇ ಅಲ್ಲ, ಒಳಗೆ ಬರೆಯಲೂಬಹುದಿತ್ತು. ಮಹಾದೇವಕ್ಕ ಒಬ್ಬಳ ಪುಟದ ಮೇಲೆ ಬೆರಳಿಟ್ಟಾಗ ಒಂದು ಗೆರೆ ಮಿಣಿಮಿಣಿ ಎಂದಿತು. ಯಜಮಾನಿತಿ ಬಾಗಿಲು ತೆರೆದು ಒಳಗೆ ಬನ್ನಿ ಎಂದಂತೆಯೇ ಅವಳಿಗೆ ಅನ್ನಿಸಿತು. ಹೋದಳು.

ಯಾರೋ ಬಣ್ಣದ ಆಟದ ಫೋಟೋ ಹಾಕಿದ್ದರು. ಅದರ ಕೆಳಗೆ ಅರಿಸಿನ ಮತ್ತು ಬೀಟ್‌ರೂಟಿನಿಂದ ಬಣ್ಣ ಮಾಡುವ ಬಗೆ ಸೇರಿಸಿದಳು. ಪೌಷ್ಟಿಕ ಆಹಾರದ ಪುಟವೊಂದರಲ್ಲಿ ಶೇಂಗಾ ಉಂಡಿಯ ಪಾಕ ಎಷ್ಟು ಎಳೆ ಬರಬೇಕೆಂದು ಬರೆದಳು. ಒಬ್ಬರ ಗೋಡೆಯ ಅಲಂಕಾರಕ್ಕೆ 'ಇದನ್ನ ನೋಡಿದರೆ ನನಗೇ ಅಳು ಬರತದ, ಕೂಸು ಏನು ಮಾಡೀತು' ಎಂದು ಸೇರಿಸಿದಳು, ಅದು ತುಸು ಹೆಚ್ಚೇ ಆಯಿತು. ಎಲ್ಲೂ ಹೆಸರು ಹಾಕಲಿಲ್ಲ. ಚಕ್ಕುಲಿಯ ಮೇಲೆ ಯಾರಾದರೂ ಸಹಿ ಮಾಡುತ್ತಾರೆಯೇ?

ಬೆರಳಿನಿಂದ ಅಕ್ಷರ ಕುಟ್ಟಿ ಸಾಕಾದಾಗ, ಮಾತಾಡಿದರೆ ಫೋನೇ ಬರೆದುಕೊಳ್ಳುವ ವಿದ್ಯೆಯನ್ನು ಮಗ ಕಲಿಸಿದ. ಅಲ್ಲಿಂದ ಮುಂದೆ ಠಾಣೆ–ವಾಶಿ ಗಾಡಿಯ ಲೇಡೀಸ್ ಡಬ್ಬಿಯೇ ಅವಳ ಸಂಪಾದಕೀಯ ಕಚೇರಿ. ಒಂದು ಶನಿವಾರ ದಮಯಂತಿಯ ಪುಟ ಬಂತು. ದಮಯಂತಿ ರಬಾಳೆಯ ಹುಡುಗಿ, ಅಲ್ಲೇ ಒಂದು ಬಾಲವಾಡಿಯಲ್ಲಿ ಟೀಚರು, ಮನೆಮಾತು ಮರಾಠಿ, ಮಹಾದೇವಕ್ಕನನ್ನು 'ಕಾಕೂ' ಎನ್ನುವವಳು. ನೀರಾಟದ ಫೋಟೋ. ಎಲ್ಲ ಮಕ್ಕಳೂ ಒದ್ದೆ, ಒಂದು ಮಾತ್ರ ಮೂಲೆಯಲ್ಲಿ ಬೆರಳು ಚೀಪುತ್ತ ಕೂತಿದೆ. ಮಹಾದೇವಕ್ಕ ಫೋಟೋವನ್ನು ಪಕ್ಕದವಳಿಗೆ ತೋರಿಸಿದಳು, ಪಕ್ಕದವಳು ಎದುರಿನವಳಿಗೆ.

"ನಾಲ್ಕು ಏಟು ಬಿಟ್ಟರೆ ಎದ್ದು ಆಡ್ತದೆ," ಎಂದಳು ಎದುರಿಗಿದ್ದ ಮಲ್ಲಿಗೆ ಮಾರುವವಳು ಹಿಂದಿಯಲ್ಲಿ.

"ನಾಲ್ಕು ನಿನಗ ಬಿಡಬೇಕು," ಎಂದು ಮಹಾದೇವಕ್ಕ ಕನ್ನಡದಲ್ಲಿ ಗೊಣಗಿ, ಫೋನನ್ನು ಬಾಯಿಯ ಹತ್ತಿರ ತಂದು ಹಿಂದಿಯಲ್ಲಿ ಹೇಳಿದಳು: "ಮೂಲೆಯ ಕೂಸನ್ನು ಎಬ್ಬಿಸಬೇಡ. ಅದರ ಪಕ್ಕ ನೀನೇ ಹೋಗಿ ಕೂಡು. ಸುಮ್ಮನೆ ಕೂಡು. ತಾನೇ ಏಳುತ್ತದೆ."

ಅಷ್ಟರಲ್ಲಿ ಗಾಡಿಯ ಧ್ವನಿವರ್ಧಕವೂ ಬಾಯಿ ತೆರೆಯಿತು. ಫೋನು ಪಕ್ಷಪಾತವಿಲ್ಲದ ಗುಮಾಸ್ತ. ಯಾರು ಹೇಳಿದರೂ ಬರೆದುಕೊಂಡಿತು.

ಮಾರ್ಚ್ ತಿಂಗಳಲ್ಲಿ ವಿಶ್ವವಿದ್ಯಾಲಯದ ಪರೀಕ್ಷಕರಿಂದ ಕಾಲೇಜಿನ ಪ್ರಿನ್ಸಿಪಾಲ್ ರಮಾಕಾಂತರಿಗೆ ಕಠಿಣವಾದ ಒಂದು ಮೇಲ್ ಬಂತು. ನಿಮ್ಮ ವಿದ್ಯಾರ್ಥಿನಿಯರ ಪೋರ್ಟ್‌ಫೋಲಿಯೋಗಳಲ್ಲಿ ಎಲ್ಲೆಲ್ಲೂ ಒಂದೇ ಕೈವಾಡ, ಒಂದೇ ಗತ್ತು. ಅಷ್ಟೇ ಅಲ್ಲ, ಶಿಶುಮನಸ್ಸಿನ ಗಂಭೀರ ಚಿಂತನೆಯ ನಡುವೆ, ಒಂದಲ್ಲ, ಹಲವು ಕಡೆ, 'ಮುಂದಿನ ಸ್ಟೇಷನ್ ರಬಾಳೆ' ಎಂಬ ವಾಕ್ಯವಿದೆ. ಇದರ ಅರ್ಥವೇನು? ತಯಾರಾದ ಪೋರ್ಟ್‌ಫೋಲಿಯೋ ಕೊಂಡು ತಂದವರನ್ನು ಅನುತ್ತೀರ್ಣಗೊಳಿಸಬೇಕು.

ರಮಾಕಾಂತರು ಉಡುಪಿಯವರು, ಸಭ್ಯರು, ಆದರೆ ಪತ್ತೇದಾರಿಕೆಯ ಸುಪ್ತ ಆಸೆಯುಳ್ಳವರು. ಅವರು ಮೂಗಿನ ಮೇಲೆ ಕನ್ನಡಕ ಏರಿಸಿ ಅಪೇಕ್ಷಾಳನ್ನು ಕರೆಸಿದರು.

"ಸುಳಿವು ಅವರೇ ಬಿಟ್ಟಿದ್ದಾರಲ್ಲ ಮಾರಾಯ್ತಿ! ರಬಾಳೆ! ಅಲ್ಲಿಯ ಫ್ಯಾಕ್ಟರಿಗಳಲ್ಲಿ ಬೋಲ್ಟಿನಿಂದ ಬಾಯ್ಲರ್‌ವರೆಗೆ ಎಲ್ಲ ತಯಾರಾಗ್ತದೆ. ಪೋರ್ಟ್‌ಫೋಲಿಯೋ ಯಾಕೆ ತಯಾರಾಗಬಾರದು? ನಮ್ಮ ವರ್ಗದಲ್ಲಿ ರಬಾಳೆಯವರು ಯಾರುಂಟು?"

ವರ್ಗದಲ್ಲಿ ರಬಾಳೆಯವಳು ದಮಯಂತಿ ಒಬ್ಬಳೇ.

ಶನಿವಾರ ಇಡೀ ವರ್ಗದ ಎದುರಿಗೆ ದಮಯಂತಿಯನ್ನು ನಿಲ್ಲಿಸಲಾಯಿತು. ರಮಾಕಾಂತರು ಗದರಲಿಲ್ಲ, ಮೆತ್ತಗೇ ಕೇಳಿದರು: ಎಷ್ಟು ಜನಕ್ಕೆ ಮಾರಿದಿ? ಹಿಂದೆ ಯಾರಿದ್ದಾರೆ? ದಮಯಂತಿಯ ಕಣ್ಣಿನಿಂದ ನೀರು ಇಳಿಯತೊಡಗಿತು. "ಸರ್, ಅದು ನಾನು ಬರೆದದ್ದಲ್ಲ. ಅಪೇಕ್ಷಾ ಮ್ಯಾಡಂ ಬರೆದಿದ್ದಾರೆ ಅಂತ ತಿಳಿದೆ," ಎಂದು ಅವಳು ಹಿಂದಿಯಲ್ಲಿ ತೊದಲಿದಳು.

ಅಪೇಕ್ಷಾ ಮೇಡಂ ಬೆಚ್ಚಿಬಿದ್ದಳು. ಹಿಂದಿನ ಬೆಂಚಿನಲ್ಲಿದ್ದ ಮಹಾದೇವಕ್ಕನಿಗೆ ಜೂನ್ ಕಣ್ಣೆದುರಿಗೆ ಬಂತು. ಬಾಗಿಲಿನ ಆಚೆ ಸಾಲಾಗಿ ಜೋಡಿಸಿದ ಪುಟ್ಟ ಚಪ್ಪಲಿಗಳೂ ಕಂಡವು. ಬಾಯಿ ಮುಚ್ಚಿಕೊಂಡಿದ್ದರೆ ಪಾಸು. ಹೆಸರು ಎಲ್ಲೂ ಇಲ್ಲವಲ್ಲ. ಆದರೆ ಅಳುವ ಹುಡುಗಿಯನ್ನು ನೋಡಿಕೊಂಡು ಕೂತಿರಲು ಮಹಾದೇವಕ್ಕನಿಗೆ ಯಾವ ಜನ್ಮದಲ್ಲೂ ಬಂದಿರಲಿಲ್ಲ. ಎದ್ದು ನಿಂತಳು.

"ಆ ಹುಡುಗಿನ್ನ ಬಿಡ್ರಿ ಸರ. ಅದು ನಂದು."

"ಯಾವುದು ನಿಮ್ಮದು?"

"ಎಲ್ಲಾ ನಂದರಿ. ಅರಿಸಿನ, ಬೀಟ್‌ರೂಟ್, ಉಂಡಿ, ಮೂಲ್ಯಾಗಿನ ಕೂಸು. ರಬಾಳೆ ಒಂದ ರೇಲ್ವೆದವ್ರದು."

ವರ್ಗದಲ್ಲಿ ಯಾರೋ ಕಿಸಕ್ಕೆಂದರು. ರಮಾಕಾಂತರ ಮುಖ, ದೊಡ್ಡ ದಂಧೆ ಕೈತಪ್ಪಿಹೋದ ಪತ್ತೇದಾರನಂತೆ ಸಣ್ಣದಾಯಿತು. ಆದರೂ ಕಾನೂನು ಕಾನೂನೇ. "ದುಡ್ಡು ತಗೊಂಡ್ರಾ?"

"ಚಕ್ಕುಲಿಗೆ ಯಾರರ ದುಡ್ಡ ತಗೋತಾರೇನ್ರಿ?"

ಈ ಉತ್ತರ ರಮಾಕಾಂತರಿಗೆ ಇನ್ನಷ್ಟು ಗೊಂದಲ ಮಾಡಿತು. ದಮಯಂತಿಯನ್ನು ಕೂರಿಸಿ, ಮಹಾದೇವಕ್ಕನನ್ನೂ ಅಪೇಕ್ಷಾಳನ್ನೂ ತಮ್ಮ ಕೋಣೆಗೆ ಕರೆದುಕೊಂಡು ಹೋದರು. ದಮಯಂತಿ ಯಾರೂ ಕರೆಯದಿದ್ದರೂ ಹಿಂದೆಯೇ ಬಂದಳು.

"ಬೀಗ ಹಾಕದೆ ಬಿಟ್ಟದ್ದು ನನ್ನ ಮಿಸ್ಟೇಕ್ ಸರ್," ಎಂದಳು ಅಪೇಕ್ಷಾ. "ಬೇರೆಯವರ ಪುಟದ ಒಳಗೆ ಬರೆಯಬಾರದು ಅಂತ ಆಂಟಿಗೆ ಮಾಲೂಮ್ ಹೀ ನಹೀ ಥಾ."

"ಅದು ಬೇರೆ. ಇವರದ್ದೇ ಪೋರ್ಟ್‌ಫೋಲಿಯೋ ತೆಗೆಯಿರಿ ನೋಡುವ. ಅದು ಸರಿ ಇದ್ದರೆ ಉಳಿದದ್ದು ಮಾತಾಡಬಹುದು."

ಅಪೇಕ್ಷಾ ತೆರೆದಳು, ತೆರೆದು ಮುಖ ಸಪ್ಪೆ ಮಾಡಿದಳು. ಊರಿಗೆಲ್ಲ ಹಂಚಿದವಳ ಸ್ವಂತ ಮನೆಯ ಬರಿದಾದ ಅಡುಗೆಮನೆ ಅದು! ವಾರಕ್ಕೊಂದು ಫೋಟೋ, ಕೆಳಗೆ ಒಂದು ಸಾಲು: 'ಇವತ್ತು ಛಲೋ ಆತು.' ಮುಂದಿನ ವಾರ: 'ಇವತ್ತೂ ಛಲೋ ಆತು.' ದೀಪಾವಳಿಯ ವಾರ: 'ರಜೆ. ಛಲೋ ಆತು.' ರಮಾಕಾಂತರು ಪುಟ ಸರಿಸುತ್ತ ಹೋದಂತೆ ಮಹಾದೇವಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೋದಳು. ಮೋಸದಿಂದಲ್ಲ, ಬರಹದ ಬಡತನದಿಂದ ನಾಪಾಸಾಗುವ ಹೊತ್ತು ಬಂತು.

"ಇದರಲ್ಲಿ ಎಂತ ಉಂಟು ಮಾರಾಯ್ರೆ ಮಾರ್ಕು ಕೊಡಲಿಕ್ಕೆ?" ಎಂದು ರಮಾಕಾಂತರು ನಿಜವಾದ ಬೇಸರದಿಂದಲೇ ಕೇಳಿದರು.

"ಸರ್, ಮೊದಲು ನನ್ನದು ನೋಡಿ," ಎಂದಳು ದಮಯಂತಿ. "ಕಾಕೂ ಬರೆದದ್ದರ ಮುಂದಿನ ವಾರದ್ದು."

ದಮಯಂತಿ ಬರೆದದ್ದು ಹೀಗಿತ್ತು: ಹೇಳಿದ ಹಾಗೆ ಆ ಹುಡುಗನ ಪಕ್ಕ ಸುಮ್ಮನೆ ಕೂತೆ. ದಿನಾ ಕೂತೆ. ಅವನು ಏಳಲಿಲ್ಲ. ಆದರೆ ಪಕ್ಕದಲ್ಲೇ ಕೂತದ್ದರಿಂದ ಒಂದು ಕಂಡಿತು. ಬಲಗಡೆ ಕೂತು ಕರೆದರೆ ತಿರುಗುತ್ತಾನೆ, ಎಡಗಡೆ ಕೂತರೆ ಇಲ್ಲ. ತಾಯಿಗೆ ಹೇಳಿದೆ. ಡಾಕ್ಟರು ಎಡಗಿವಿ ಕೇಳುವುದು ಕಡಿಮೆ ಎಂದಿದ್ದಾರೆ. ಸುಮ್ಮನೆ ಕೂತರೆ ಸಾಲದು, ಕೂತು ನೋಡಬೇಕು.

ರಮಾಕಾಂತರು ಕನ್ನಡಕ ಕೆಳಗಿಟ್ಟರು. "ಹಾಗಾದರೆ ನಿಮ್ಮ ಸಲಹೆ ತಪ್ಪಿತ್ತಲ್ಲ?" ಎಂದು ಮಹಾದೇವಕ್ಕನ ಕಡೆ ತಿರುಗಿದರು.

"ತಪ್ಪ ಇತ್ತರಿ ಸರ," ಎಂದಳು ಮಹಾದೇವಕ್ಕ. "ತಾನ ಏಳ್ತದ ಅಂದಿದ್ದೆ. ಕೇಳಸಲಾರದ ಕೂಸು ಹೆಂಗ ಎದ್ದೀತು? ಅದನ್ನ ಓದಿದ ದಿವಸ ಮನಸ್ಸ ಭಾಳ ಕೆಟ್ಟಿತ್ತು. ಅದನ್ನೂ ಬರದೀನ್ರಿ. ಕೆಳಗ ಸರಸ್ರಿ, ಹೋಳಿ ಹುಣ್ಣಿಮಿ ಮುಂದ."

ಅಪೇಕ್ಷಾ ಸರಿಸಿದಳು. 'ಛಲೋ ಆತು'ಗಳ ಬಯಲಿನ ಕೊನೆಯಲ್ಲಿ ಒಂದೇ ಒಂದು ಉದ್ದನೆಯ ಬರಹವಿತ್ತು. ಅದರಲ್ಲಿ ಮಹಾದೇವಕ್ಕ ತನ್ನ ಕಲ್ಯಾಣದ ವರ್ಗದ ಪಿಂಟ್ಯಾ ಎಂಬ ಹುಡುಗನ ಬಗ್ಗೆ ಬರೆದಿದ್ದಳು. ಅವನು ಕಥೆಯ ಹೊತ್ತಿಗೆ ಎದ್ದು ಓಡುತ್ತಾನೆಂದು ಅವಳು ಅವನನ್ನು 'ಗಾಳಿಪಟ' ಎಂದು ಕರೆದು ಎಲ್ಲರನ್ನೂ ನಗಿಸುತ್ತಿದ್ದಳು. ದಮಯಂತಿಯ ಪುಟ ಓದಿದ ಮೇಲೆ, ಅವನು ಓಡುವುದು ಯಾವಾಗ ಎಂದು ಗಮನಿಸಿದಳು. ಕರಡಿ ಬಂದಾಗ. ತನ್ನ ಕರಡಿಯ ಧ್ವನಿಗೆ ಅವನು ಹೆದರುತ್ತಿದ್ದ. ಇಷ್ಟು ವರ್ಷ ಎಲ್ಲರೂ ಮೆಚ್ಚಿದ ಧ್ವನಿ ಅದು. ಈಗ ಕರಡಿಯನ್ನು ಮೆಲ್ಲಗೆ ಮಾತಾಡಿಸುತ್ತೇನೆ, ಪಿಂಟ್ಯಾ ಕೂತಿರುತ್ತಾನೆ, ಇಷ್ಟು ದಿನ ಅವನನ್ನು ನೋಡಿ ನಕ್ಕದ್ದಕ್ಕೆ ನನಗೆ ಹೇಗೋ ಆಗುತ್ತದೆ ಎಂದು ಮುಗಿಸಿದ್ದಳು. ಧ್ವನಿವರ್ಧಕದ ಹಸ್ತಕ್ಷೇಪವಿಲ್ಲದ ಬರಹ. ಬೆರಳಿನಿಂದಲೇ ಕುಟ್ಟಿದ್ದಿರಬೇಕು.

ರಮಾಕಾಂತರು ಆ ಪುಟವನ್ನು ಇನ್ನೊಮ್ಮೆ ಮೊದಲಿಂದ ಓದಿದರು.

"ಸರ್, ಇದೇ ಅಲ್ವಾ ನಾವು ಕೇಳಿದ್ದು?" ಎಂದಳು ಅಪೇಕ್ಷಾ, ಮತ್ತು ಇತಿಹಾಸದಲ್ಲೇ ಮೊದಲ ಸಲ ವಾಕ್ಯವನ್ನು ಕನ್ನಡದಲ್ಲೇ ಮುಗಿಸಿದಳು. "ಒಬ್ಬರದ್ದು ನೋಡಿ ಇನ್ನೊಬ್ಬರು ಬದಲಾದ್ರು. ಉಳಿದವರ ಪುಟದಲ್ಲಿ ಇವರು ಬರೆದದ್ದನ್ನೆಲ್ಲ ತೆಗೆದು ಇವರ ಪುಟಕ್ಕೆ ಹಾಕ್ತೇನೆ. ಪರೀಕ್ಷಕರಿಗೆ ಏನಾಯ್ತು ಅಂತ ನಾನೇ ಬರೀತೇನೆ."

ರಮಾಕಾಂತರು ಎದ್ದು ಕಿಟಕಿಯ ಹತ್ತಿರ ಹೋದರು, ತಿರುಗಿ ಬಂದರು, ಕೂತರು. ಪರೀಕ್ಷಕರಿಗೆ ಫೋನ್ ಹಚ್ಚಿದರು. ರಬಾಳೆಯ ರಹಸ್ಯ ಬಿಡಿಸಿ ಹೇಳಿದಾಗ ಆಚೆಯಿಂದ ನಗು ಕೇಳಿತು. ಆಮೇಲೆ ಪಿಂಟ್ಯಾನ ಪುಟವನ್ನು ಪೂರ್ತಿ ಓದಿ ಹೇಳಿದರು, ಆಗ ನಗು ಕೇಳಲಿಲ್ಲ. ಬಹಳ ಹೊತ್ತು 'ಹೌದು, ಹೌದು, ಬರಹದಲ್ಲಿ ಕಳಿಸ್ತೇವೆ, ಹೌದು' ಎಂದು ಫೋನ್ ಕೆಳಗಿಟ್ಟರು. ದಮಯಂತಿಯ ತಂಟೆಗೆ ಯಾರೂ ಬರುವುದಿಲ್ಲ, ಮಹಾದೇವಕ್ಕನೂ ಪಾಸು.

ಇಷ್ಟಕ್ಕೇ ನಿಲ್ಲಿಸಿದ್ದರೆ ರಮಾಕಾಂತರು ರಮಾಕಾಂತರಾಗುತ್ತಿರಲಿಲ್ಲ. ದಂಧೆಯೊಂದನ್ನು ಕಳೆದುಕೊಂಡ ಅವರಿಗೆ ಈಗ ಒಂದು ಸಿದ್ಧಾಂತ ಸಿಕ್ಕಿತ್ತು. ಅವರ ಧ್ವನಿ ಏರಿತು.

"ಇದು ಸಣ್ಣ ವಿಷಯ ಅಲ್ಲ ಮಹಾದೇವಿಯವರೇ! ಡಿಜಿಟಲ್ ಯುಗದಲ್ಲಿ ಪರಸ್ಪರ ಕಲಿಕೆಯ ಒಂದು ಹೊಸ ದಾರಿಯನ್ನೇ ನೀವು ತೆರೆದಿದ್ದೀರಿ. ಬರುವ ತಿಂಗಳು ನಮ್ಮಲ್ಲಿ ದೊಡ್ಡ ವಿಚಾರ ಸಂಕಿರಣ ಉಂಟು. ಪುಣೆಯಿಂದ, ಮುಂಬಯಿಯಿಂದ ಪ್ರಾಧ್ಯಾಪಕರು ಬರ್ತಾರೆ. ನೀವು ವೇದಿಕೆಯಲ್ಲಿ ಕೂತು ನಿಮ್ಮ ಈ ಪದ್ಧತಿಯ ಬಗ್ಗೆ ಮಾತಾಡಬೇಕು. ಅದಕ್ಕೆ ಒಂದು ಹೆಸರು ಬೇಕು. ನೀವೇ ಹೇಳಿ, ಈ ಮಹತ್ವದ ಪದ್ಧತಿಗೆ ಏನೆಂದು ಹೆಸರಿಡುವ?"

ಮಹಾದೇವಕ್ಕ ಸೆರಗು ಬೆರಳಿನಿಂದ ಬಿಡಿಸಿಕೊಂಡಳು.

"ಹೆಸರು ನಿಮಗ ಛಲೋ ಕಂಡದ್ದು ಇಟ್ಕೋರಿ ಸರ. ಜೂನ್‌ನ್ಯಾಗ ನನ್ನ ವರ್ಗ ನನಗ ಉಳೀಲಿಕ್ಕೆ ಟ್ರಸ್ಟಿನವ್ರಿಗೆ ಪಾಸಾದ ಕಾಗದ ಕೊಡಬೇಕರಿ. ಅದು ಇವತ್ತ ಸಿಗ್ತದೋ, ಸೋಮವಾರ ಬರಬೇಕೋ?"